ಒಬ್ಬನೇ ಬಾ

ಸರ್ಕಾರ ನಮಗೆ ಕೊಟ್ಟಿದ್ದ ಸವಲತ್ತುಗಳನ್ನೆಲ್ಲ ವಾಪಸ್ ತೆಗೆದುಕೊಂಡ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಅತ್ತವನು ಅಡುಗೆಯವನೊಬ್ಬನೇ. ನಮ್ಮ ಯಜಮಾನರು ಪೇಪರು ಮಡಿಸಿಟ್ಟರು, ಕನ್ನಡಕ ತೆಗೆದರು, ನನ್ನ ಕಡೆ ತಿರುಗಿ ಹಲ್ಲು ಕಾಣುವ ಹಾಗೆ ನಕ್ಕರು. ಅವರು ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತು.

"ಇನ್ನು ನಾನು ಅಕ್ಕನ ಮನೆಗೆ ಹೋಗಬಹುದು ಕಣೇ," ಅಂದರು.

ಇವರು ಒಂದು ಕಾಲಕ್ಕೆ ಈ ದೇಶದ ಅಧ್ಯಕ್ಷರಾಗಿದ್ದವರು. ಒಂದೇ ಅವಧಿ, ಅದೂ ಹೇಗೋ ಮುಗಿಯಿತು. ಆದರೆ ಆ ಕುರ್ಚಿಯ ಮೇಲೆ ಒಂದು ಸಲ ಕೂತೆದ್ದರೆ ಸಾಯುವ ತನಕ ಸರ್ಕಾರ ಬಿಡುತ್ತಿರಲಿಲ್ಲ. ಪಿಂಚಣಿ, ಇರಲು ಮನೆ, ಕಾರು, ಡ್ರೈವರ್, ಅಡುಗೆಯವನು, ತೋಟದವನು, ಗೇಟಿಗೆ ಕಾವಲು, ಹೋದಲ್ಲೆಲ್ಲ ಜೊತೆಗೊಬ್ಬ ಅಂಗರಕ್ಷಕ. ಈಗ ಬಂದ ಹೊಸಬರು, ಮಾಜಿಗಳಿಗೆ ಇಷ್ಟೆಲ್ಲ ಯಾಕೆ, ಪಿಂಚಣಿ ಮತ್ತು ಮನೆ ಇರಲಿ, ಮಿಕ್ಕಿದ್ದೆಲ್ಲ ಬಂದ್ ಅಂತ ಕಾನೂನು ಮಾಡಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯೇ ಆಯಿತು. ನನ್ನದೇ ಅಡುಗೆಮನೆಗೆ ನಾನು ನೆಂಟರ ಹಾಗೆ ಹೋಗಿ, ಏನಪ್ಪಾ ಇವತ್ತು, ಅಂತ ಕೇಳಿ ಬರುವುದು ಸಾಕಾಗಿ ಹೋಗಿತ್ತು.

ಆದರೆ ಇವರ ಖುಷಿ ಬೇರೆ. ಅದನ್ನು ಹೇಳಬೇಕಾದರೆ ನನ್ನ ಅತ್ತಿಗೆಯ ವಿಷಯ ಹೇಳಬೇಕು.

ಇವರ ಅಕ್ಕ ಹೊಲಿಗೆಯವರು. ತಂದೆ ತಾಯಿ ಒಬ್ಬರ ಹಿಂದೆ ಒಬ್ಬರು ಹೋದಾಗ ಇವರಿನ್ನೂ ಬಾಗಿಲ ಚಿಲಕ ಕೈಗೆ ಎಟುಕದಷ್ಟು ಚಿಕ್ಕವರು. ಅಕ್ಕ ಶಾಲೆ ಬಿಟ್ಟು, ಯಾರದೋ ಅಂಗಡಿಯಲ್ಲಿ ಗುಂಡಿ ಹಾಕುವುದರಿಂದ ಶುರು ಮಾಡಿ, ಆಮೇಲೆ ಹಳೇ ಮಷೀನೊಂದನ್ನು ಮನೆಗೆ ತಂದು, ಊರಿನ ಮಕ್ಕಳ ಯೂನಿಫಾರ್ಮ್ ಹೊಲಿದು ತಮ್ಮನನ್ನು ಓದಿಸಿದರು. ಇವರು ವಕೀಲರಾಗಿ ಮೊದಲ ದಿನ ಕೋರ್ಟಿಗೆ ಹಾಕಿಕೊಂಡು ಹೋದ ಕರಿ ಕೋಟು ಅಕ್ಕನದೇ ಕೈಕೆಲಸ. ನಾನು ಮದುವೆಯಾಗಿ ಬಂದಾಗ ಅತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ರವಿಕೆ ಯಾರು ಹೊಲಿದದ್ದು, ಕೊರಳು ಎಳೀತಿದೆ, ಬಿಚ್ಚಿ ಕೊಡು, ಅಂದಿದ್ದರು. ಅವರ ಪ್ರೀತಿಯೇ ಹಾಗೆ, ಬೈದು ತೋರಿಸುವಂಥದ್ದು.

ಇವರು ಅಧ್ಯಕ್ಷರಾದ ಹೊಸತರಲ್ಲಿ ಅಕ್ಕನನ್ನು ನೋಡಿ ಬರೋಣ ಅಂತ ಹೊರಟರು. ಹೊರಡುವುದು ಅಂದರೆ ಹಾಗೆ ಹೀಗಾ? ನಾವು ತಲುಪುವ ಮೊದಲೇ ಭದ್ರತೆಯವರು ಹೋಗಿ ಅತ್ತಿಗೆಯ ಎರಡು ಕೋಣೆಯ ಮನೆಯನ್ನು ಜಾಲಾಡಿದ್ದರು. ಮಂಚದ ಹಾಸಿಗೆ ತಿರುವಿ ಹಾಕಿದರು, ಅಕ್ಕಿ ಡಬ್ಬಕ್ಕೆ ಕೈ ಬಿಟ್ಟರು, ಮಷೀನಿನ ಎಣ್ಣೆ ಡಬ್ಬಿಯನ್ನೂ ಮೂಸಿ ನೋಡಿದರು. ಅಷ್ಟರವರೆಗೆ ಅತ್ತಿಗೆ ಸುಮ್ಮನಿದ್ದರಂತೆ. ಕೊನೆಗೆ ಒಬ್ಬ, ಅಧ್ಯಕ್ಷರು ಇರುವ ಕೋಣೆಯಲ್ಲಿ ಹರಿತವಾದ್ದೇನೂ ಇರಕೂಡದು ಅಂತ, ಅವರ ಕತ್ತರಿಯನ್ನು ತೆಗೆದುಕೊಂಡು ಹೋಗಿ ಬೀದಿಯಲ್ಲಿ ಜೀಪಿನೊಳಗೆ ಇಟ್ಟುಬಿಟ್ಟ.

ನಾವು ಒಳಗೆ ಹೋದಾಗ ಅತ್ತಿಗೆ ಮಷೀನಿನ ಮುಂದೆ ಖಾಲಿ ಕೈಯಲ್ಲಿ ಕೂತಿದ್ದರು. ಇವರು ಕಾಲು ಮುಟ್ಟಲು ಬಗ್ಗಿದರೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಆ ಕತ್ತರಿ ಹಿಡಿದೇ ನಿನ್ನನ್ನ ಸಾಕಿದ್ದು. ಈಗ ಅದನ್ನ ಕಂಡ್ರೆ ನಿಂಗೆ ಭಯವೇನೋ? ಇನ್ನೊಂದು ಸಲ ಬರೋದಾದ್ರೆ ಒಬ್ಬನೇ ಬಾ. ಇವರನ್ನೆಲ್ಲ ಕಟ್ಟಿಕೊಂಡು ನನ್ನ ಹೊಸಿಲು ತುಳೀಬೇಡ."

ಇವರು ಹಾಗೇ ತಿರುಗಿ ಹೊರಟರು. ಕಾರಿನಲ್ಲಿ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಅವಧಿ ಮುಗಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆವು. ಎಲ್ಲಿ ಹೋಗುತ್ತೆ? ಅಂಗರಕ್ಷಕನನ್ನು ಜೀವಮಾನಕ್ಕೆ ಕಟ್ಟಿದ್ದರು. ನನಗೆ ಯಾರೂ ಬೇಡ ಅಂತ ಇವರು ಬರೆದುಕೊಟ್ಟರೆ, ಅದು ನಿಮಗೆ ಕೊಟ್ಟಿದ್ದಲ್ಲ, ನೀವು ಕೂತಿದ್ದ ಸ್ಥಾನಕ್ಕೆ ಕೊಟ್ಟಿದ್ದು, ಬೇಡ ಅನ್ನುವ ಹಕ್ಕು ನಿಮಗಿಲ್ಲ ಅಂತ ಉತ್ತರ ಬಂತು. ಹಾಗೆ ಬಂದವನೇ ನೆರಳಪ್ಪ. ಹೆತ್ತವರು ಇಟ್ಟ ಹೆಸರು ಬೇರೆ, ನೆರಳಪ್ಪ ಅಂತ ಇಟ್ಟವಳು ನಾನು. ಇವರು ಹಿತ್ತಲಿಗೆ ಹೋದರೆ ಹಿತ್ತಲಿಗೆ, ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಅಲ್ಲಿಗೆ. ಒಳ್ಳೆಯವನೇ, ಪಾಪ. ಒಂದು ದಿನ ಅವನೇ, ಸರ್, ನಾನು ಬೀದಿ ತುದೀಲಿ ನಿಂತಿರ್ತೀನಿ, ನೀವು ಹೋಗಿ ಅಕ್ಕನ್ನ ನೋಡ್ಕೊಂಡು ಬನ್ನಿ, ಯಾರಿಗೂ ಗೊತ್ತಾಗಲ್ಲ, ಅಂದ. ಇವರು ಒಪ್ಪಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಅವನ ಕೆಲಸ ಹೋಗುತ್ತದೆ, ನಿಯಮ ನಿಯಮವೇ, ಅಂದರು. ನಿಯಮ ಅಂದರೆ ಸಾಕು, ಈ ಮನುಷ್ಯ ಅದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಅವರ ಆ ಗುಣಕ್ಕೇ ಎಲ್ಲರೂ ಸೇರಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದು ಅಂತ ನನ್ನ ಗುಮಾನಿ.

ಆಗಾಗ ಅಕ್ಕನಿಗೆ ಫೋನು ಮಾಡುತ್ತಿದ್ದರು. ಅತ್ತಿಗೆ ಎತ್ತಿ, ಯಾವಾಗ ಬರ್ತೀಯ, ಅನ್ನುತ್ತಿದ್ದರು. ಇವರು ತಡವರಿಸಿದರೆ, ಒಬ್ಬನೇ ಬಾ, ಕೂತು ಮಾತಾಡೋಣ, ಅಂತ ಇಟ್ಟುಬಿಡುತ್ತಿದ್ದರು. ನಮ್ಮ ಮನೆಗೂ ಬರುತ್ತಿರಲಿಲ್ಲ. ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ ತಮ್ಮನ ಮನೆಗೆ ಬರುವಷ್ಟು ಗತಿಗೆಟ್ಟಿಲ್ಲ ಅಂದಿದ್ದರು. ಅಕ್ಕ ತಮ್ಮ ಇಬ್ಬರಿಗೂ ಒಂದೇ ಹಟ. ಮಧ್ಯೆ ಅತ್ತಿಗೆಯ ಮಗಳು ಆ ಕಡೆಯ ಸುದ್ದಿ ಈ ಕಡೆಗೆ, ಈ ಕಡೆಯದು ಆ ಕಡೆಗೆ ತಲುಪಿಸುತ್ತಿದ್ದಳು. ಹೀಗೇ ಇಬ್ಬರ ತಲೆಯೂ ಬೆಳ್ಳಗಾಯಿತು.

ಈಗ ಗೊತ್ತಾಯಿತಲ್ಲ, ಇವರು ಯಾಕೆ ನಕ್ಕರು ಅಂತ.

ಎಲ್ಲರೂ ಒಬ್ಬೊಬ್ಬರಾಗಿ ಹೊರಟರು. ಅಡುಗೆಯವನು ಮೂಗು ಒರೆಸಿಕೊಂಡು ಹೋದ. ಕಾವಲಿನವರು ತಾವು ಕೂರುತ್ತಿದ್ದ ಕುರ್ಚಿಯನ್ನೂ ಹೊತ್ತುಕೊಂಡು ಹೋದರು. ಕಾರು ಹೋಯಿತು. ನೆರಳಪ್ಪ ಇವರಿಗೆ ಸೆಲ್ಯೂಟ್ ಹೊಡೆದು, ಆಮೇಲೆ ಯಾಕೋ ತಡೆಯಲಾರದೆ ಬಗ್ಗಿ ಕಾಲು ಮುಟ್ಟಿ, ಹುಷಾರು ಸರ್, ಅಂದ. ಅವತ್ತು ಸಂಜೆ ನಾವು ಹೊರಗೆ ಹೋಗೋಣ ಅಂತ ನೋಡಿದರೆ ಮನೆಯ ಬೀಗದ ಕೈ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿಲ್ಲ. ಹಗಲು ರಾತ್ರಿ ಕಾವಲಿದ್ದ ಮನೆಗೆ ಬೀಗ ಹಾಕಿದ್ದೇ ಇಲ್ಲ. ಬೀಗ ರಿಪೇರಿಯವನನ್ನು ಕರೆಸಿದೆವು. ಅವನು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿ, ಇಷ್ಟು ದಿನ ಏನ್ ಮಾಡ್ತಿದ್ರಿ, ಅಂತ ಕೇಳಿದ. ದೇಶ ಆಳ್ತಿದ್ವಿ ಕಣಪ್ಪ, ಅಂದೆ. ತಮಾಷೆ ಅಂದುಕೊಂಡು ನಕ್ಕ.

ಮಾರನೇ ದಿನವೇ ಅಕ್ಕನ ಮನೆಗೆ ಹೊರಡುತ್ತೇನೆ ಅಂತ ಇವರು ಬಟ್ಟೆ ಹಾಕಿಕೊಂಡು ನಿಂತರು. ನಾನು ಬಿಡಲಿಲ್ಲ. ಅತ್ತಿಗೆಯ ಮನೆ ಊರಿನ ಆಚೆ ತುದಿಯಲ್ಲಿ, ಎರಡು ಬಸ್ಸು ಬದಲಾಯಿಸಬೇಕು. ಇವರೋ, ಕೈಯಲ್ಲಿ ಚಿಲ್ಲರೆ ಹಿಡಿದು ಎಷ್ಟೋ ವರ್ಷವಾದ ಮನುಷ್ಯ. ರಸ್ತೆ ದಾಟುವಾಗ ಯಾರೋ ಗಾಡಿಗಳನ್ನು ನಿಲ್ಲಿಸಿರುತ್ತಾರೆ ಅಂತ ಎರಡೂ ಕಡೆ ನೋಡದೆ ನಡೆಯುತ್ತಾರೆ. ಅಲ್ಲಾ ರೀ, ಅಕ್ಕನ್ನ ನೋಡೋಕೆ ಹೋಗ್ತಿದೀರೋ, ಆಸ್ಪತ್ರೆಗೆ ಸೇರೋಕೆ ಹೋಗ್ತಿದೀರೋ, ಅಂದೆ. ಒಂದಷ್ಟು ದಿನ ನನ್ನ ಜೊತೆ ಓಡಾಡಿ ಕಲಿತುಕೊಳ್ಳಿ, ಆಮೇಲೆ ಒಬ್ಬರೇ ಹೋಗುವಿರಂತೆ ಅಂತ ಒಪ್ಪಿಸಿದೆ.

ಎಲ್ಲಕ್ಕಿಂತ ದೊಡ್ಡ ಪಾಠ ಬಾಗಿಲಿನದು. ನಗಬೇಡಿ. ಅಧ್ಯಕ್ಷರಾದ ಮೊದಲ ವಾರದಲ್ಲೇ ಭದ್ರತೆಯ ಮುಖ್ಯಸ್ಥ ಇವರನ್ನು ಕೂರಿಸಿ, ಯಾವ ಬಾಗಿಲನ್ನೂ ನೀವು ಮುಟ್ಟಕೂಡದು, ಅದರಲ್ಲೂ ಕಾರಿನ ಬಾಗಿಲನ್ನಂತೂ ಮುಟ್ಟಲೇಬಾರದು, ಹೊರಗೆ ಎಲ್ಲ ಸರಿಯಾಗಿದೆ ಅಂತ ನೋಡಿ ನಾವು ತೆಗೆಯುವ ತನಕ ಕೂತಲ್ಲೇ ಕೂತಿರಬೇಕು ಅಂತ ಹೇಳಿದ್ದ. ಇವರು ತಲೆಯಾಡಿಸಿದರು. ಅವತ್ತು ತಲೆಯಾಡಿಸಿದ್ದು, ಅವತ್ತಿನಿಂದ ಒಂದು ಬಾಗಿಲನ್ನೂ ಮುಟ್ಟಲಿಲ್ಲ. ಆ ಹೇಳಿದವನೇ ಸತ್ತು ಎಷ್ಟೋ ಕಾಲವಾಯಿತು.

ಕ್ಷೌರದ ಅಂಗಡಿಗೆ ಹೋದರೆ ಗಾಜಿನ ಬಾಗಿಲ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತುಬಿಡುವರು. ಒಳಗಿದ್ದವರು, ನೋಡಿ ಮಾಜಿ, ಬಾಗಿಲು ತೆಗೀಲಿ ಅಂತ ಕಾಯ್ತಿದಾರೆ, ಗತ್ತು ಇನ್ನೂ ಇಳಿದಿಲ್ಲ, ಅನ್ನುವರು. ನಮ್ಮ ಬೀದಿಯಲ್ಲಿ ಇವರಿಗೆ ಮಾಜಿ ಅಂತಲೇ ಹೆಸರು. ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗತ್ತಂತೆ ಗತ್ತು. ಈ ಮನುಷ್ಯನಿಗೆ ಗತ್ತು ಇದ್ದಿದ್ದರೆ ಅವತ್ತೇ ಆ ಜೀಪಿನಿಂದ ಕತ್ತರಿ ತಂದು ಅಕ್ಕನ ಕೈಗೆ ಕೊಡುತ್ತಿರಲಿಲ್ಲವೇ? ಅವರು ಅಲ್ಲಿ ನಿಂತದ್ದು, ನಿಲ್ಲಿ ಅಂತ ಯಾರೋ ಹೇಳಿದ್ದರಿಂದ.

ಆದರೂ ಕಲಿತರು. ಎಳೆ ಮಗುವಿಗೆ ಹೇಳಿದ ಹಾಗೆ, ತಳ್ಳಿ, ಇದು ಎಳೆಯೋದು, ಅಂತ ಹೇಳಿಕೊಟ್ಟೆ. ಮನೆಯ ಬೀಗ ಹಾಕಿ ತೆಗೆದು, ಹಾಕಿ ತೆಗೆದು ಕಲಿತರು. ಬೇಕರಿಯ ಬಾಗಿಲು ತಾವೇ ತಳ್ಳಿಕೊಂಡು ಹೋಗಿ ಬ್ರೆಡ್ಡು ತಂದ ದಿನ ಅದನ್ನು ಮೇಜಿನ ಮೇಲಿಟ್ಟು, ನೋಡು, ಅಂದರು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗುವುದು ಅವರಿಗೆ ಹಿಡಿಸಿತು. ಯಾರೋ ಹುಡುಗಿ ಎದ್ದು ಜಾಗ ಕೊಟ್ಟರೆ ಬೇಡ ಅಂದರು. ಕಾರಿನ ಬಾಗಿಲೊಂದನ್ನು ಮಾತ್ರ ನಾನು ಹೇಳಿಕೊಡಲಿಲ್ಲ. ಮನೆಯಲ್ಲಿ ಕಾರೇ ಇಲ್ಲ, ಓಡಾಡುವುದೆಲ್ಲ ಬಸ್ಸಿನಲ್ಲಿ. ಅದು ನನ್ನ ತಲೆಗೇ ಹೊಳೆಯಲಿಲ್ಲ.

ಆ ಕಡೆ ಅತ್ತಿಗೆಗೂ ಸುದ್ದಿ ಮುಟ್ಟಿತ್ತು. ತಮ್ಮನ ಹಿಂದೆ ಈಗ ಯಾರೂ ಇಲ್ಲ, ಬಸ್ಸು ಹತ್ತುವುದನ್ನು ಕಲಿಯುತ್ತಿದ್ದಾನೆ ಅಂತ ಮಗಳು ಹೇಳಿದಳಂತೆ. ಅತ್ತಿಗೆ ತುಂಬ ಹೊತ್ತು ಮಷೀನ್ ತುಳಿದು, ಆಮೇಲೆ, ದಪ್ಪ ಆಗಿದಾನೇನೇ, ಅಂತ ಕೇಳಿದರಂತೆ. ಅಂಗಿಗೆ ಬಟ್ಟೆ ಕತ್ತರಿಸಿದ್ದಾರೆ ಅಂತ ಮಗಳು ನನಗೆ ಗುಟ್ಟಾಗಿ ಫೋನು ಮಾಡಿ ಇವರ ಅಳತೆ ಕೇಳಿದಳು. ನಾನು ಇವರಿಗೆ ಹೇಳಲಿಲ್ಲ. ಹೋದಾಗ ತಾವೇ ನೋಡಲಿ ಅಂದುಕೊಂಡೆ.

ಬರುವ ಭಾನುವಾರ ಹೋಗುವುದು ಅಂತ ನಿಶ್ಚಯವಾಗಿತ್ತು. ಗುರುವಾರ ಬೆಳಗ್ಗೆ ಫೋನು ಬಂತು. ಅತ್ತಿಗೆ ಮಷೀನಿನ ಮುಂದೆ ಕೂತಿದ್ದ ಹಾಗೇ ಪಕ್ಕಕ್ಕೆ ವಾಲಿಬಿಟ್ಟರಂತೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಡಾಕ್ಟರು ಭರವಸೆ ಕೊಡುತ್ತಿಲ್ಲ, ಎಚ್ಚರ ಇದೆ, ತಮ್ಮ ಬಂದನಾ ಅಂತ ಕೇಳುತ್ತಿದ್ದಾರೆ. ಇವರು ನೆಟ್ಟಗೆ ಎದ್ದು ಚಪ್ಪಲಿ ಮೆಟ್ಟಿದರು. ನಾನೂ ಬರುತ್ತೇನೆ ಅಂತ ಸೆರಗು ಸರಿಮಾಡಿಕೊಂಡೆ.

"ಬೇಡ ಕಣೇ. ಅಕ್ಕ ಒಬ್ಬನೇ ಬಾ ಅಂದಿದಾಳೆ. ಈಗಲಾದ್ರೂ ಅವಳ ಮಾತು ಕೇಳ್ತೀನಿ."

ಆ ಮುಖ ನೋಡಿ ಇಲ್ಲ ಅನ್ನುವ ಧೈರ್ಯ ಯಾರಿಗಿರುತ್ತದೆ? ಬಸ್ಸಿಗೆ ಕಾದರೆ ತಡವಾಗುತ್ತದೆ ಅಂತ ಟ್ಯಾಕ್ಸಿ ನಿಲ್ಲಿಸಿದೆ. ಬಾಡಿಗೆ ಮೊದಲೇ ಕೊಟ್ಟೆ, ಆಸ್ಪತ್ರೆಯ ಹೆಸರು ಹೇಳಿದೆ, ಬಾಗಿಲ ಮುಂದೆಯೇ ಬಿಡಪ್ಪ ಅಂದೆ. ಹಿಂದಿನ ಬಾಗಿಲು ನಾನೇ ತೆಗೆದೆ. ಇವರು ಕೂತರು. ಸರಿಯಾಗಿ ಕೂತರಾ ಅಂತ ನೋಡಿ ಬಾಗಿಲು ನಾನೇ ಮುಚ್ಚಿದೆ.

ಆಮೇಲೆ ನಡೆದದ್ದನ್ನು ನಾನು ಕಂಡವಳಲ್ಲ. ಒಂದಷ್ಟು ಟ್ಯಾಕ್ಸಿಯವನು ಹೇಳಿದ್ದು, ಒಂದಷ್ಟು ಅತ್ತಿಗೆಯ ಮಗಳು ಹೇಳಿದ್ದು, ಮಿಕ್ಕಿದ್ದು ಇವರೇ ಹೇಳಿದ್ದು.

ಟ್ಯಾಕ್ಸಿ ಬೇಗನೇ ಆಸ್ಪತ್ರೆ ಮುಟ್ಟಿತು. ದೊಡ್ಡ ಬಾಗಿಲ ಮುಂದೆ ನಿಲ್ಲಿಸಿ, ಬಂತು ಸರ್, ಅಂದನಂತೆ. ಇವರು, ಹ್ಞೂಂ, ಅಂದರಂತೆ. ಅಂದು ಕೂತೇ ಇದ್ದರು. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿದ. ಗುರುತು ಸಿಕ್ಕಿತ್ತು ಅವನಿಗೆ. ದೊಡ್ಡವರು, ಏನೋ ದುಃಖದಲ್ಲಿದ್ದಾರೆ, ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾರೆ, ಇಳೀರಿ ಅನ್ನೋದು ಹೇಗೆ ಅಂತ ಅವನು ಮರ್ಯಾದೆಗೆ ತಾನೇ ಕೆಳಗಿಳಿದು, ಸ್ವಲ್ಪ ದೂರ ಹೋಗಿ ಟೀ ಕುಡಿಯುತ್ತಾ ನಿಂತ. ಅವನನ್ನು ಹೇಗೆ ಬೈಯಲಿ? ಬೈಯಬೇಕು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಇವರು ಒಳಗೆ ಕೂತು ಅಕ್ಕನಿಗೆ ಮೊದಲ ಮಾತು ಏನು ಹೇಳಬೇಕು ಅಂತ ಯೋಚಿಸುತ್ತಿದ್ದರಂತೆ. ಆ ಕತ್ತರಿಯ ವಿಷಯ ಎತ್ತಬೇಕೋ ಬೇಡವೋ, ಮೊದಲು ಕಾಲು ಮುಟ್ಟಬೇಕೋ, ಕೈ ಹಿಡಿಯಬೇಕೋ. ಬಾಗಿಲು ಇನ್ನೂ ಯಾಕೆ ತೆಗೆಯಲಿಲ್ಲ ಅಂತಲೂ ಒಂದು ಕಡೆ ಅನ್ನಿಸುತ್ತಿತ್ತಂತೆ. ಹೊರಗೆ ಏನೋ ನೋಡುತ್ತಿದ್ದಾರೆ, ತೆಗೆಯುತ್ತಾರೆ, ಅಂದುಕೊಂಡರಂತೆ.

ಅತ್ತಿಗೆ ಇದ್ದ ವಾರ್ಡು ಮೇಲಿನ ಮಹಡಿಯಲ್ಲಿ, ಕಿಟಕಿ ಮುಂಬಾಗಿಲ ಕಡೆಗೇ ಇತ್ತು. ಮಗಳು ಆಗಾಗ ಬಗ್ಗಿ ನೋಡುತ್ತಿದ್ದಳು. ಟ್ಯಾಕ್ಸಿ ಬಂದು ನಿಂತದ್ದು ಕಂಡಳು, ಹಿಂದಿನ ಸೀಟಿನಲ್ಲಿ ಸೋದರಮಾವ ಕೂತಿದ್ದು ಕಂಡಳು. ಈಗ ಇಳಿಯುತ್ತಾರೆ, ಈಗ ಇಳಿಯುತ್ತಾರೆ ಅಂತ ನೋಡಿದಳು. ಇಳಿಯಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತಂತೆ. ಇಲ್ಲಿಯವರೆಗೂ ಬಂದು, ತಾಯಿ ಇಲ್ಲಿ ಜೀವ ಹಿಡಿದುಕೊಂಡಿರುವಾಗ, ಆ ಮನುಷ್ಯ ಕಾರಿನಲ್ಲಿ ಕಲ್ಲಿನ ಹಾಗೆ ಕೂತಿದಾರಲ್ಲ, ಇದೆಂಥ ಹಮ್ಮು ಅಂತ ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈದಳಂತೆ. ತಾಯಿಯ ಕಣ್ಣು ಅವಳ ಮೇಲೇ ಇತ್ತು. ಕೊನೆಗೆ ಹೇಳಿಬಿಟ್ಟಳು, ಮಾವ ಬಂದಿದ್ದಾರೆ, ಕೆಳಗೆ ಕಾರಲ್ಲೇ ಕೂತಿದ್ದಾರೆ, ಮೇಲೆ ಬರುತ್ತಿಲ್ಲ ಅಂತ.

ಜೊತೆಗೆ ಯಾರಿದ್ದಾರೆ ಅಂತ ಅತ್ತಿಗೆ ಕೇಳಿದರು. ಯಾರೂ ಇಲ್ಲ, ಒಬ್ಬರೇ, ಅಂದಳು.

ಅತ್ತಿಗೆ ನಕ್ಕರಂತೆ. ಒಂದು ಕಡೆಯ ತುಟಿ ಏಳುತ್ತಿರಲಿಲ್ಲ, ಆದರೂ ಅದು ನಗುವೇ ಅಂತ ಮಗಳು ನನಗೆ ಆಣೆ ಮಾಡಿ ಹೇಳಿದಳು.

"ಹೋಗಿ ಬಾಗಿಲು ತೆಗಿಯೇ ಅವನಿಗೆ. ಯಾರಾದ್ರೂ ತೆಗೀಲಿ ಅಂತ ಕಾಯ್ತಿರ್ತಾನೆ. ಚಿಕ್ಕವನಿದ್ದಾಗ್ಲೂ ಹಾಗೇ, ಚಿಲಕ ಎಟುಕದೆ ಇದ್ರೆ ಕೂಗ್ತಾನೂ ಇರ್ಲಿಲ್ಲ, ಒಳಗೇ ಕೂತಿರ್ತಿದ್ದ. ನಾನು ಅಂಗಡಿಯಿಂದ ಬಂದು ತೆಗೀಬೇಕು."

ಮಗಳು ಮೆಟ್ಟಿಲಲ್ಲಿ ಎದ್ದುಬಿದ್ದು ಇಳಿದಳು. ಕಾರಿನ ಬಾಗಿಲು ತೆಗೆದಾಗ ಇವರು ತಲೆಯೆತ್ತಿ, ಸರಿಯಾಗಿದೆಯೇ, ಅಂತ ಕೇಳಿದರಂತೆ, ಯಾರೋ ಭದ್ರತೆಯವರನ್ನು ಕೇಳುವ ಹಾಗೆ. ಅವಳು ಕೈ ಹಿಡಿದು ಎಳೆದುಕೊಂಡೇ ಹತ್ತಿಸಿದಳು. ಇವರಿಗೆ ಮಂಡಿ ನೋವು, ಆದರೂ ಎಲ್ಲೂ ನಿಲ್ಲಲಿಲ್ಲ. ವಾರ್ಡಿನ ಬಾಗಿಲು ಮುಚ್ಚಿತ್ತು. ಅದನ್ನು ಇವರೇ ತಳ್ಳಿದರು. ಅಷ್ಟರಲ್ಲಿ ನರ್ಸು ಅತ್ತಿಗೆಯ ಕಣ್ಣು ಮುಚ್ಚಿಸಿ, ಮಂಚದ ಪಕ್ಕದಿಂದ ಹಿಂದೆ ಸರಿದು ನಿಂತಿದ್ದಳು.

ಸುದ್ದಿ ತಿಳಿದು ನಾನು ಹೋದಾಗ ಇವರು ಅಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಆ ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ, ಅದನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ನನ್ನನ್ನು ಕಂಡು, ನಾನು ಕೆಳಗೇ ಇದ್ದೆ ಕಣೇ, ಇಲ್ಲೇ ಕೆಳಗೆ, ಅಂದರು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಸತ್ತುಹೋದ ಆ ಭದ್ರತೆಯ ಮುಖ್ಯಸ್ಥನನ್ನು ಹುಡುಕಿ ಎಳೆದು ತಂದು ಅಲ್ಲಿ ನಿಲ್ಲಿಸಬೇಕು ಅನ್ನಿಸಿತು. ಬಸ್ಸು, ಬೀಗ, ಬೇಕರಿ ಅಂತ ದಿನ ಕಳೆದ ನನ್ನನ್ನೂ ಅವನ ಪಕ್ಕದಲ್ಲಿ ನಿಲ್ಲಿಸಬೇಕು ಅನ್ನಿಸಿತು. ಅತ್ತೆ, ನಾನು ಅವರನ್ನ ತಪ್ಪು ತಿಳಿದೆ, ಅಂತ ಹುಡುಗಿ ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು. ನಾನೂ ಅತ್ತುಬಿಟ್ಟೆ.

ಎಲ್ಲ ಕಾರ್ಯ ಮುಗಿದ ಮೇಲೆ ಅತ್ತಿಗೆಯ ಮನೆಯಿಂದ ಹೊರಟೆವು. ಮಷೀನಿನ ಮೇಲೆ ಒಂದು ತೋಳು ಮಾತ್ರ ಕೂಡಿಸಿದ್ದ ಅಂಗಿ ಹಾಗೇ ಇತ್ತು, ಪಕ್ಕದಲ್ಲಿ ಕತ್ತರಿ. ಎರಡನ್ನೂ ಮಗಳು ಇವರ ಕೈಗೆ ಕೊಟ್ಟಳು. ಟ್ಯಾಕ್ಸಿಯಲ್ಲಿ ಇವರು ಅವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಮ್ಮ ಗೇಟಿನ ಮುಂದೆ ಗಾಡಿ ನಿಂತಿತು. ಅಭ್ಯಾಸಬಲದಿಂದ ನನ್ನ ಕೈ ಅವರ ಕಡೆಯ ಬಾಗಿಲಿಗೆ ಹೋಗುವುದರಲ್ಲಿತ್ತು, ತಡೆದುಕೊಂಡೆ. ಇವರು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದರು. ಮೊದಲು ಏನನ್ನೋ ಒತ್ತಿದರು, ಕಿಟಕಿಯ ಗಾಜು ಇಳಿಯಿತು. ಇನ್ನೊಂದನ್ನು ತಡವಿದರು, ಏನೂ ಆಗಲಿಲ್ಲ. ಡ್ರೈವರ್ ಹಿಂದೆ ತಿರುಗಿದ, ನಾನು ಬೇಡ ಅಂತ ಕೈಸನ್ನೆ ಮಾಡಿದೆ. ಆಮೇಲೆ ಹಿಡಿ ಸಿಕ್ಕಿತು. ಎಳೆದರು. ಬಾಗಿಲು ತೆರೆದುಕೊಂಡಿತು.

ಇವರು ಇಳಿದು, ಅಂಗಿ ಕತ್ತರಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗಾಡಿಯ ಹಿಂದಿನಿಂದ ಸುತ್ತಿ ಬಂದು ನನ್ನ ಕಡೆಯ ಬಾಗಿಲನ್ನೂ ತೆಗೆದರು. ತೆಗೆದು, ಹಿಡಿದುಕೊಂಡು ನಿಂತರು.

"ಇಷ್ಟೇನಾ ಕಣೇ ಇದು?" ಅಂದರು.

ನನಗೆ ಇಳಿಯಲು ಆಗಲಿಲ್ಲ. ಬಾಗಿಲು ಹಿಡಿದುಕೊಂಡೇ ಇವರು ಕಾಯುತ್ತಾ ನಿಂತಿದ್ದರು.